ಬಾಯಿಬಿಟ್ಟು ಹೇಳು ಮಗಳೇ

ಓದಿನುಮ್ಮನ ಬಲಗೈ ಹೆಬ್ಬೆರಳಿನ ಉಗುರು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಬೀಡಿಯ ಬಾಯಿ ಮಡಚಿ ಮಡಚಿ ಅದರ ಅಂಚು ಸವೆದು ಒಂದು ಬದಿಗೆ ಓರೆಯಾಗಿತ್ತು. ಕುರ್‌ಆನ್ ಮುಟ್ಟುವ ಮೊದಲು ಆ ಬೆರಳನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆಯುತ್ತಿದ್ದರು. ವಾಸನೆ ಹೋಗುತ್ತಿತ್ತು, ಬಣ್ಣ ಹೋಗುತ್ತಿರಲಿಲ್ಲ. ಓದಿಸಿ ಮುಗಿದ ಕೂಡಲೇ ಬೀಡಿ ಎಲೆಯ ಗೆರಸೆ ತೊಡೆಯ ಮೇಲೆ ಬರುತ್ತಿತ್ತು. ಆಮೇಲೆ ಕಥೆ. ಕಥೆ ಹೇಳುತ್ತಾ ಹೇಳುತ್ತಾ ಬೀಡಿ ಕಟ್ಟುವ ಆ ಕೈಗಳು ನಿಲ್ಲುತ್ತಿದ್ದದ್ದು ಒಂದೇ ಒಂದು ಹೊತ್ತಿನಲ್ಲಿ: ಯಾರಿಗಾದರೂ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವಾಗ.

ನಿನ್ನೆ ಸಂಜೆಯಿಂದ ನನಗೆ ಆ ಕೈಗಳೇ ಕಣ್ಣ ಮುಂದೆ. ಕೂತಲ್ಲಿ ಕೂರಲಾಗುತ್ತಿಲ್ಲ, ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿತು. ಕಾರಣ ಇಷ್ಟೆ. ಮಿಜಾರಿನ ಹತ್ತಿರದ ಶಾಲೆಯಲ್ಲಿ ನಾನು ಕನ್ನಡ ಟೀಚರ್. ಹಿಂದೆ ನನ್ನ ಬಳಿ ಕಲಿತ ನೆರಿಯದ ಹುಡುಗಿಯೊಬ್ಬಳು ನಿನ್ನೆ ಫೋನು ಮಾಡಿದಳು. "ಟೀಚರ್, ನನಗೆ ನಿಕಾಹ್ ಗೊತ್ತಾಗಿದೆ" ಎಂದಳು. "ಒಳ್ಳೆಯದಾಯಿತಲ್ಲ. ನಿನಗೆ ಒಪ್ಪಿಗೆ ಉಂಟಲ್ಲ?" ಎಂದು ಕೇಳಿದೆ. ಆ ಕಡೆಯಿಂದ ಸದ್ದಿಲ್ಲ. ಫ್ಯಾನ್ ತಿರುಗುವುದು ಕೇಳುತ್ತಿತ್ತು, ಹುಡುಗಿ ಉಸಿರೆಳೆಯುವುದು ಕೇಳುತ್ತಿತ್ತು, ಮಾತು ಇಲ್ಲ. ಆಮೇಲೆ ಫೋನು ಇಟ್ಟಳು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಓದಿನುಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಸ್ಸಿನಲ್ಲಿ ಇರುತ್ತಿದ್ದರು. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ, ನಾಚಿಕೆಗೇಡು!

ಓದಿನುಮ್ಮ ಎಂಬುದು ಓದಿಸುತ್ತಿದ್ದ ಕಾರಣಕ್ಕೆ ಮಕ್ಕಳಾದ ನಾವು ಇಟ್ಟ ಹೆಸರು; ಉಮ್ಮ ಎಂದರೆ ಅಮ್ಮ. ಪಾಣೆಮಂಗಳೂರಿನಲ್ಲಿ ಹೊಳೆ ದಾಟುವ ಹಳೇ ಸಂಕದ ಹತ್ತಿರದ ಓಣಿಯಲ್ಲಿ ಅವರ ಮನೆ, ಅದರಿಂದ ನಾಲ್ಕು ಮನೆ ಆಚೆ ನಮ್ಮದು. ಮದ್ರಸ ಬಿಟ್ಟ ದೊಡ್ಡ ಹುಡುಗಿಯರನ್ನು ಸಂಜೆಯ ಅಸರ್ ನಮಾಜಿನ ನಂತರ ಚಾಪೆಯ ಮೇಲೆ ಕೂರಿಸಿ ಓದಿಸುತ್ತಿದ್ದರು. ಒಂದು ಕಾಲದಲ್ಲಿ ಹದಿನೆಂಟು ಮಂದಿ ಇದ್ದೆವು. ಅವರು ಮಾತಾಡುತ್ತಿದ್ದದ್ದು ಬ್ಯಾರಿ ಭಾಷೆಯಲ್ಲಿ. ನಾನು ಕನ್ನಡಕ್ಕೆ ತಂದದ್ದರಲ್ಲಿ ಅರ್ಧ ಖಾರ ಇಳಿದುಹೋಗಿದೆ, ಓದುವವರು ಸೇರಿಸಿಕೊಳ್ಳಬೇಕು.

ಅವರ ಕಥೆಗಳೆಲ್ಲ ಇಸ್ಲಾಮಿನ ಮೊದಲ ಕಾಲದ ಹೆಂಗಸರದ್ದು. ಆದರೆ ಮಕ್ಕಾ ಮದೀನಾ ಎಲ್ಲೋ ದೂರ ಉಂಟು ಎಂದು ನಮಗೆ ಅನಿಸುತ್ತಲೇ ಇರಲಿಲ್ಲ. ಮೇಲಿನ ಪೇಟೆಯ ಯಾವುದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. "ಖದೀಜಾ ಬೀವಿಯವರದ್ದು ದೊಡ್ಡ ವ್ಯಾಪಾರ. ಒಂಟೆ ಮೇಲೆ ಸಾಮಾನು ಹೋಗ್ತಿತ್ತು. ಗಂಡ ತೀರಿಹೋಗಿದ್ದರು. ಪ್ರವಾದಿಯವರಿಗೆ ಸಂಬಂಧ ಕೇಳಿ ಕಳಿಸಿದ್ದು ಯಾರು ಗೊತ್ತುಂಟಾ? ಅವರೇ! ಮನೆ ಮೆಟ್ಟಿಲಲ್ಲಿ, ಯಾರಾದರೂ ನನ್ನನ್ನು ನೋಡಲಿಕ್ಕೆ ಬರ್ತಾರಾ ಅಂತ ಕಾದು ಕೂತವರಲ್ಲ." ಹೀಗೆ ಹೇಳಿ, ಕಟ್ಟಿದ ಬೀಡಿಯನ್ನು ಗೆರಸೆಗೆ ಎಸೆಯುತ್ತಿದ್ದರು.

ನನಗೆ ಬಹಳ ಇಷ್ಟವಾದದ್ದು ಬರೀರಾ ಬೀವಿಯ ಕಥೆ. ಆಕೆ ಗುಲಾಮಳಾಗಿದ್ದವಳು, ಬಿಡುಗಡೆ ಸಿಕ್ಕಿತು. ಬಿಡುಗಡೆ ಸಿಕ್ಕಿದ ಮೇಲೆ ಗಂಡನ ಜೊತೆ ಇರುವುದೂ ಬಿಡುವುದೂ ಅವಳ ಇಷ್ಟ. ಅವಳು ಬಿಟ್ಟಳು. ಗಂಡ ಮದೀನಾದ ಬೀದಿಯಲ್ಲಿ ಅವಳ ಹಿಂದೆ ಹಿಂದೆ ಅಳುತ್ತಾ ನಡೆಯುತ್ತಾನೆ, ಗಡ್ಡದವರೆಗೂ ಕಣ್ಣೀರು. ಪ್ರವಾದಿಯವರಿಗೇ ಕನಿಕರವಾಗಿ, ಅವನ ಬಳಿಗೆ ಹಿಂತಿರುಗಬಹುದಲ್ಲ ಎಂದು ಅವಳಿಗೆ ಹೇಳುತ್ತಾರೆ. ಇದು ಆಜ್ಞೆಯೇ ಎಂದು ಅವಳು ಕೇಳುತ್ತಾಳೆ. ಅಲ್ಲ, ಶಿಫಾರಸು ಮಾತ್ರ ಎನ್ನುತ್ತಾರೆ ಅವರು. ಹಾಗಾದರೆ ನನಗೆ ಅವನು ಬೇಡ ಎನ್ನುತ್ತಾಳೆ ಬರೀರಾ. ಅಷ್ಟೆ, ಅಲ್ಲಿಗೆ ಮುಗಿಯಿತು.

ನಮ್ಮಲ್ಲೊಬ್ಬಳು ಕಣ್ಣು ಒರೆಸಿಕೊಳ್ಳುತ್ತಾ, "ಪಾಪ ಅಲ್ವಾ ಅವನು?" ಎಂದಳು.

"ಪಾಪವೇ. ಪಾಪ ಅಂತ ಮದುವೆ ಆಗ್ಲಿಕ್ಕೆ ಆಗ್ತದಾ? ಹಾಗಾದ್ರೆ ಸಂಕದ ಕೆಳಗೆ ಮಲಗುವ ಕುಡುಕನೂ ಪಾಪವೇ, ಅವನನ್ನೂ ಆಗು."

ಇಷ್ಟೆಲ್ಲ ಹೇಳುವವರು ಇನ್ನೊಂದನ್ನೂ ಕಲಿಸುತ್ತಿದ್ದರು. ಕನ್ಯೆಯಾದ ಹುಡುಗಿಯನ್ನು ಒಪ್ಪಿಗೆ ಕೇಳಬೇಕು, ಅವಳ ಮೌನವೇ ಒಪ್ಪಿಗೆ. ನಮ್ಮಲ್ಲಿ ನಿಕಾಹಿನ ಮೊದಲು ಹುಡುಗಿಯ ಬಾಪ, ಅಂದರೆ ತಂದೆ, ಒಳಕೋಣೆಯ ಬಾಗಿಲಿಗೆ ಬಂದು, ಇಂಥವನಿಗೆ ನಿನ್ನನ್ನು ಕೊಡಲು ಸಮ್ಮತ ಉಂಟಾ ಎಂದು ಕೇಳುವ ಕ್ರಮ ಉಂಟು. ಆಗ ಏನು ಮಾಡಬೇಕೆಂದು ಓದಿನುಮ್ಮ ನಮಗೆ ಕೂತು ತೋರಿಸಿಕೊಟ್ಟಿದ್ದರು. ತಲೆ ತಗ್ಗಿಸಬೇಕು, ಶಾಲನ್ನು ಹಣೆಯವರೆಗೆ ಎಳೆದುಕೊಳ್ಳಬೇಕು, ಸುಮ್ಮನಿರಬೇಕು. ಅದೇ ಅಂದ. ಅವರಿಗೆ ಅವರ ಹಿರಿಯರು ಕಲಿಸಿದ್ದು ಅದು, ನಮಗೂ ಅದನ್ನೇ ದಾಟಿಸಿದರು.

ನನ್ನ ಅಕ್ಕ ಆ ಪಾಠವನ್ನು ಚೆನ್ನಾಗಿ ಕಲಿತಳು.

ಅಕ್ಕನಿಗೆ ಆಗ ಹತ್ತೊಂಬತ್ತು, ನನಗೆ ಹದಿನಾಲ್ಕು. ಪಿಯುಸಿ ಮುಗಿಸಿ ಟೀಚರ್ ಟ್ರೈನಿಂಗಿಗೆ ಹೋಗಬೇಕೆಂದು ಅರ್ಜಿಯನ್ನೂ ತಂದು ಇಟ್ಟಿದ್ದಳು. ಅಷ್ಟರಲ್ಲಿ ಕನ್ಯಾನದ ಸಂಬಂಧ ಬಂತು. ಹುಡುಗ ಗಲ್ಫಿನಲ್ಲಿ, ನಲವತ್ತು ದಿನದ ರಜೆ. ಎಲ್ಲವೂ ಓಡಿ ಓಡಿ ಆಯಿತು. ನಿಕಾಹಿನ ದಿನ ಬಾಪ ಬಾಗಿಲಲ್ಲಿ ನಿಂತು ಕೇಳಿದರು. ಅಕ್ಕನ ಪಕ್ಕದಲ್ಲಿ ಓದಿನುಮ್ಮ ಕೂತಿದ್ದರು, ಅವರ ಕೈ ಅಕ್ಕನ ಬೆನ್ನ ಮೇಲಿತ್ತು. ಅಕ್ಕ ತಲೆ ತಗ್ಗಿಸಿದಳು, ಶಾಲು ಎಳೆದುಕೊಂಡಳು, ಮಾತಾಡಲಿಲ್ಲ. ಭುಜ ಮಾತ್ರ ನಡುಗುತ್ತಿತ್ತು. ಹೆಂಗಸರು "ನಾಚಿಕೆ, ನಾಚಿಕೆ" ಎಂದು ನಕ್ಕರು. ಓದಿನುಮ್ಮ ಬಾಪನ ಕಡೆ ತಿರುಗಿ ಹೇಳಿದರು:

"ಸುಮ್ಮನಿದ್ದಾಳೆ. ಸಮ್ಮತ ಉಂಟು."

ಆ ಹುಡುಗ ಕೆಟ್ಟವನೇನೂ ಅಲ್ಲ. ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ತಿಂಗಳು ತಿಂಗಳು ಫೋನು ಮಾಡುತ್ತಿದ್ದ. ಅಕ್ಕನಿಗೆ ಅವನು ಬೇಡವಾಗಿದ್ದ, ಅಷ್ಟೇ. ಆದರೆ ಆ ಮನೆಯಲ್ಲಿ ಅವಳು ಮಾತಾಡುವುದನ್ನೇ ಬಿಟ್ಟುಬಿಟ್ಟಳು. ಮೊದಲು ಒಂದು ಮಾತಿಗೆ ಒಂದು ಮಾತು, ಆಮೇಲೆ ಹೂಂ, ಆಮೇಲೆ ಅದೂ ಇಲ್ಲ. ನಾಲ್ಕನೆಯ ವರ್ಷ ಕನ್ಯಾನದವರೇ ಹೆದರಿ ಕರೆದುಕೊಂಡು ಬಂದು ಬಿಟ್ಟರು, ಮಂಗಳೂರಿನ ಡಾಕ್ಟರಿಗೆ ತೋರಿಸಿ ಎಂದರು. ಅಕ್ಕ ಬಾವಿಕಟ್ಟೆಯ ಮೇಲೆ ಕೂತು ನೀರು ನೋಡುತ್ತಿದ್ದಳು. ನಮ್ಮ ಉಮ್ಮ ಅವಳ ಹಿಂದೆ ಹಿಂದೆಯೇ ಇರುತ್ತಿದ್ದರು.

ಒಂದು ಸಂಜೆ ಅಕ್ಕ ತಾನಾಗಿ ಎದ್ದು ಓದಿನುಮ್ಮನ ಮನೆಗೆ ಹೋದಳು. ನಾನೂ ಬೆನ್ನಿಗೆ ಹೋದೆ. ಚಾಪೆಯ ತುಂಬ ಹುಡುಗಿಯರಿದ್ದರು. ಓದಿನುಮ್ಮ ಗೆರಸೆ ಬದಿಗಿಟ್ಟು ಅವಳನ್ನು ಹತ್ತಿರ ಕೂರಿಸಿಕೊಂಡರು. "ಮಗಳೇ, ಅವತ್ತು ನೀನು ಅಳ್ತಾ ಇದ್ದೆ. ನನ್ನ ಕೈಗೆ ಗೊತ್ತಾಗ್ತಾ ಇತ್ತು. ಯಾಕೆ ಅತ್ತದ್ದು?"

ಅಕ್ಕ ತಿಂಗಳುಗಳ ನಂತರ ಬಾಯಿ ತೆರೆದಳು. "ಬೇಡ ಅಂತ ಹೇಳ್ಲಿಕ್ಕೆ. ನೀವು ಸುಮ್ಮನಿರ್ಲಿಕ್ಕೆ ಮಾತ್ರ ಕಲಿಸಿದ್ದು. ಬೇಡ ಅನ್ಲಿಕ್ಕೆ ಹೇಗೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಓದಿನುಮ್ಮನ ಮುಖ ಬಿಳಿಚಿಹೋಯಿತು. ಹುಡುಗಿಯರನ್ನು ಮನೆಗೆ ಕಳಿಸಿದರು. ಅವತ್ತಿನಿಂದ ಆ ಹೆಂಗಸಿಗೆ ನೆಮ್ಮದಿ ಎಂಬುದಿರಲಿಲ್ಲ.

ಮರುವಾರ ಬಾಪನ ಜೊತೆ ತಾವೂ ಕನ್ಯಾನಕ್ಕೆ ಹೊರಟರು. ಹುಡುಗನ ಮನೆಯ ಜಗಲಿಯಲ್ಲಿ ಕೂತು ಅಕ್ಕನಿಗೆ ಖುಲ ಕೇಳಿದರು, ಅಂದರೆ ಹೆಣ್ಣೇ ಬಿಡುಗಡೆ ಕೇಳಿ ಹೊರಬರುವ ದಾರಿ. ಗಂಡನ ನಡತೆಯ ಮೇಲಾಗಲಿ ಧರ್ಮನಿಷ್ಠೆಯ ಮೇಲಾಗಲಿ ದೂರಿಲ್ಲ, ಆದರೆ ಜೊತೆಯಲ್ಲಿ ಬಾಳಲಾರೆ ಎಂದು ಪ್ರವಾದಿಯವರ ಬಳಿ ಬಂದ ಹೆಂಗಸಿನ ಕಥೆಯನ್ನು ಅಲ್ಲಿ ಹೇಳಿದರಂತೆ. ಆಕೆ ಮದುವೆಯಲ್ಲಿ ಗಂಡನಿಂದ ಮಹರಾಗಿ ಪಡೆದ ತೋಟವನ್ನು ಹಿಂತಿರುಗಿಸಿದಳು, ಬಿಡುಗಡೆ ಪಡೆದಳು. ಅಕ್ಕನೂ ಮಹರಿನ ಚಿನ್ನ ಹಿಂದೆ ಕೊಟ್ಟು ಹೊರಬಂದಳು.

ಆಮೇಲೆ ಚಾಪೆಯ ಮೇಲೆ ಹೊಸ ಪಾಠ ಶುರುವಾಯಿತು. ದಿನವೂ ಕಡೆಯಲ್ಲಿ ಒಬ್ಬೊಬ್ಬಳನ್ನೇ ಎದ್ದು ನಿಲ್ಲಿಸಿ, "ಸಮ್ಮತ ಉಂಟಾ?" ಎಂದು ಕೇಳುತ್ತಿದ್ದರು. ನಾವು ಒಂದು ದಿನ "ಉಂಟು" ಎನ್ನಬೇಕು, ಒಂದು ದಿನ "ಬೇಡ" ಎನ್ನಬೇಕು, ಎರಡನ್ನೂ ದೊಡ್ಡ ಸ್ವರದಲ್ಲಿ. "ಉಂಟು" ಸುಲಭವಾಗಿ ಬರುತ್ತಿತ್ತು. "ಬೇಡ" ಅನ್ನುವಾಗ ಎಲ್ಲರಿಗೂ ನಗು, ಇಲ್ಲವೇ ಬರೀ ಪಿಸುಮಾತು. ಮೌನ ಒಪ್ಪಿಗೆ ಅಂತ ಉಂಟಲ್ಲ ಎಂದು ಒಬ್ಬಳು ವಾದ ಮಾಡಿದಾಗ, "ಉಂಟು. ನಾಚಿಕೆಯ ಮೌನ ಒಪ್ಪಿಗೆ. ಹೆದರಿಕೆಯ ಮೌನ ಒಪ್ಪಿಗೆಯಾ? ಯಾವುದು ಯಾವುದು ಅಂತ ಓದುವಷ್ಟು ನಾನು ಕಲಿತವಳಲ್ಲ ಮಗಳೇ. ನನಗೆ ಬಾಯಿಬಿಟ್ಟು ಹೇಳು" ಎಂದರು. ಒಂದು ದಿನ ಓಣಿಯಲ್ಲಿ ಮೀನಿನವನು ಹಾರ್ನ್ ಹಾಕಿ ಸ್ಕೂಟರ್ ನಿಲ್ಲಿಸುವುದಕ್ಕೂ ಒಳಗೆ ನಾವು ಹದಿನೆಂಟು ಮಂದಿ ಒಟ್ಟಿಗೆ "ಬೇಡ!" ಎಂದು ಕೂಗುವುದಕ್ಕೂ ಸರಿಹೋಯಿತು. ಅವನು ಸಿಟ್ಟಿನಿಂದ ಹೊರಟೇಹೋದ. ಅವತ್ತು ಓಣಿಯ ಅಷ್ಟೂ ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿಯೇ ಗತಿ.

ಚಾಪೆಯ ಮೇಲೆ ಮುಗಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇವರು ನಿಕಾಹ್ ಗೊತ್ತಾದ ಮನೆಗಳಿಗೆ ಹೋಗಿ ಹುಡುಗಿಯನ್ನು ಒಂಟಿಯಾಗಿ ಕೂರಿಸಿ ಕೇಳತೊಡಗಿದರು. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ದಾರಿಯಲ್ಲಿ ಒಂದು ಮನೆ, ಬರುವ ದಾರಿಯಲ್ಲಿ ಒಂದು ಮನೆ. ಹೆಚ್ಚಿನವರು ಸಂತೋಷವಾಗಿಯೇ "ಉಂಟು" ಎನ್ನುತ್ತಿದ್ದರು. ಆದರೂ ದೊಡ್ಡವರಿಗೆ ಮೂಗಿನ ಮೇಲೆ ಸಿಟ್ಟು. ಯಾರ ಮನೆ ಮದುವೆ, ಇವಳು ಯಾರು ಕೇಳಲಿಕ್ಕೆ? ಹದಿನೆಂಟು ಹುಡುಗಿಯರು ಹತ್ತಾದರು, ಕಡೆಗೆ ನಾಲ್ಕಾದರು.

ಓದಿನುಮ್ಮನ ಗಂಡ ಬಿ.ಸಿ. ರೋಡಿನಲ್ಲಿ ಟೈಲರ್. ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಊರಿನ ನಾಲ್ಕು ಗಣ್ಯರು ಅವರನ್ನು ಕರೆಸಿ, ಹೆಂಡತಿಗೆ ಸ್ವಲ್ಪ ಬುದ್ಧಿ ಹೇಳಿ ಎಂದರಂತೆ. ಮನೆಗೆ ಬಂದು ನಮ್ಮೆದುರೇ ಹೇಳಿದರು. "ನಿನಗೆ ಹೇಳ್ಲಿಕ್ಕೆ ಹೇಳಿದ್ದಾರೆ. ಹೇಳಿದ್ದೇನೆ." ಆಮೇಲೆ ಕೈಕಾಲು ತೊಳೆಯಲು ಹೋದರು.

ಇನ್ನು ನನ್ನ ಸರದಿ. ನಾನು ಡಿಗ್ರಿಯ ಕೊನೇ ವರ್ಷದಲ್ಲಿದ್ದೆ. ಮೂಡುಬಿದಿರೆ ಕಡೆಯ ಸಂಬಂಧ, ಅಂಗಡಿ ಇರುವ ಮನೆ, ಅವರು ಬೇಗ ಆಗಬೇಕು ಎಂದರು. ಅಕ್ಕ ಮನೆಯಲ್ಲೇ ಇದ್ದಳು. ಬಾಪನಿಗೆ ಊರಿನಲ್ಲಿ ತಲೆ ಎತ್ತಲಾಗದ ಹಾಗೆ ಆಗಿತ್ತು. ಈ ಮದುವೆಯಿಂದಾದರೂ ಮರ್ಯಾದೆ ಉಳಿಯಬೇಕೆಂದು ಅವರು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದರು. ನನಗೆ ಬೇಡವಾಗಿತ್ತು. ಬಿ.ಎಡ್. ಮಾಡಬೇಕಿತ್ತು. ಅಷ್ಟು ಸಲ "ಬೇಡ" ಎಂದು ಕೂಗಿ ಕಲಿತ ನಾನು ಬಾಪನ ಮುಖ ನೋಡಿ ನಾಲಿಗೆಯನ್ನೇ ನುಂಗಿಕೊಂಡಿದ್ದೆ.

ನಿಕಾಹಿಗೆ ಒಂದು ವಾರ ಇರುವಾಗ ಓದಿನುಮ್ಮ ಬಂದರು. ನನ್ನನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಎದುರು ಕೂತು ಕೇಳಿದರು. ನಾನು ಮಾತಾಡಲಿಲ್ಲ. ಅವರು ಕಾದರು. ಅವತ್ತು ಗೆರಸೆ ಇರಲಿಲ್ಲ, ಬೀಡಿ ಇರಲಿಲ್ಲ. ಆ ಎರಡು ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಬಿಸಿಲು ಕಲ್ಲಿನ ಮೇಲಿಂದ ಗೋಡೆಗೆ ಹತ್ತಿತು, ಅವರು ಕದಲಲಿಲ್ಲ.

"ಒಮ್ಮೆ ನಿಮ್ಮ ಮನೆಯಲ್ಲಿ ಮೌನವನ್ನು ತಪ್ಪು ಓದಿದವಳು ನಾನು. ಇನ್ನೊಮ್ಮೆ ಓದುವುದಿಲ್ಲ. ನೀನು ಹೇಳುವವರೆಗೆ ಏಳುವುದೂ ಇಲ್ಲ."

ಆಮೇಲೆ ತಮ್ಮ ಕಥೆ ಹೇಳಿದರು. ಅದುವರೆಗೆ ಯಾರಿಗೂ ಹೇಳಿರಲಿಲ್ಲವಂತೆ. "ನನ್ನ ನಿಕಾಹಿನ ದಿನ ನನಗೆ ಕೆಂಡದಂಥ ಜ್ವರ. ಮಾತ್ರೆ ನುಂಗಿ ಮಲಗಿದ್ದೆ. ಬಾಪ ಬಂದು ಕೇಳಿದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಕಂಬಳಿ ಒಳಗೆ ಸುಮ್ಮನಿದ್ದಾಳೆ, ಸಮ್ಮತ ಉಂಟು ಅಂತ ಯಾರೋ ಹೇಳಿದರಂತೆ. ಎಚ್ಚರ ಆಗುವಾಗ ನನಗೆ ಮದುವೆ ಆಗಿತ್ತು!" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿದರು.

"ನನ್ನವರು ಒಳ್ಳೆಯವರೇ. ಚಿನ್ನದಂಥ ಮನುಷ್ಯ. ಕೇಳಿದ್ದರೆ ಉಂಟು ಅಂತಲೇ ಹೇಳ್ತಿದ್ದೆ. ಆದರೆ ಯಾರೂ ಕೇಳಲಿಲ್ಲವಲ್ಲ ಮಗಳೇ. ಮೂವತ್ತು ವರ್ಷ ಆಯ್ತು, ಅನ್ನ ಬಡಿಸುವಾಗ ಒಮ್ಮೊಮ್ಮೆ ಆ ಮಾತು ಗಂಟಲಿಗೆ ಬರ್ತದೆ."

ನಾನು ಅತ್ತುಬಿಟ್ಟೆ. ಅಳುತ್ತಲೇ ಹೇಳಿದೆ: "ಬೇಡ. ನನಗೆ ಓದಬೇಕು."

ಅವರು ಸೀದಾ ಎದ್ದು ಜಗಲಿಗೆ ನಡೆದರು. ಬಾಪ ಮದುವೆಗೆ ಕರೆಯುವವರ ಪಟ್ಟಿ ಬರೆಯುತ್ತಾ ಕೂತಿದ್ದರು. ವಿಷಯ ಕೇಳಿ ಪೆನ್ನು ಎಸೆದರು.

"ಒಬ್ಬಳು ಮನೆಯಲ್ಲಿ ಕೂತಿದ್ದಾಳೆ. ಇನ್ನೊಬ್ಬಳನ್ನೂ ಕೂರಿಸ್ತೀರಾ ನೀವು?"

"ಆ ಒಬ್ಬಳನ್ನು ಕೂರಿಸಿದ್ದು ನಾನೇ. ಅದಕ್ಕೇ ಬಂದದ್ದು."

"ನಾನು ಅವಳ ಬಾಪ. ನನಗೆ ಹಕ್ಕು ಉಂಟು."

"ಉಂಟು. ಮದೀನಾದಲ್ಲಿ ಒಬ್ಬ ಹುಡುಗಿಯ ಬಾಪನಿಗೂ ಹಾಗೇ ಅನಿಸಿತ್ತು. ಮಗಳನ್ನು ಕೇಳದೆ ಅಣ್ಣನ ಮಗನಿಗೆ ಕೊಟ್ಟಿದ್ದ. ಹುಡುಗಿ ಪ್ರವಾದಿಯವರ ಹತ್ತಿರ ಹೋದಳು. ಅವರು, ಇರುವುದೂ ಬಿಡುವುದೂ ನಿನ್ನ ಇಷ್ಟ ಅಂದರು. ಅವಳು ಏನು ಹೇಳಿದಳು ಗೊತ್ತುಂಟಾ? ಬಾಪ ಮಾಡಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಕೇಳದೆ ಕೊಡುವ ಹಕ್ಕು ಬಾಪಂದಿರಿಗೆ ಇಲ್ಲ ಅಂತ ಹೆಂಗಸರಿಗೆಲ್ಲ ಗೊತ್ತಾಗಲಿ ಅಂತ ಬಂದೆ, ಅಂದಳು." ಇಷ್ಟು ಹೇಳಿ ಓದಿನುಮ್ಮ ತಮ್ಮ ಜ್ವರದ ಕಥೆಯನ್ನೂ ಬಾಪನ ಮುಂದೆ ಹೇಳಿದರು, ಒಂದಕ್ಷರ ಬಿಡದೆ. ಕೊನೆಗೆ, "ಕೇಳಿ ನೋಡಿ. ಅಷ್ಟೇ ನಾನು ಹೇಳುವುದು" ಎಂದರು.

ಬಾಪ ಅಂಗಳದ ಕಡೆ ನೋಡಿದರು. ಅಂಗಳದ ಬದಿಯಲ್ಲಿ ಅಕ್ಕ ಬಟ್ಟೆ ಒಣಹಾಕುತ್ತಿದ್ದಳು, ಯಾರ ಕಡೆಗೂ ತಿರುಗದೆ. ಬಾಪ ಎದ್ದು ಒಳಗೆ ಬಂದರು. "ನೀನೇ ಹೇಳು" ಎಂದರು.

"ಬೇಡ ಬಾಪ" ಎಂದೆ. ನನ್ನ ಸ್ವರ ನನಗೇ ಹೆದರಿಕೆಯಾಗುವಷ್ಟು ದೊಡ್ಡದಾಗಿ ಬಂತು.

ಸಂಬಂಧ ತಪ್ಪಿತು. ಬಾಪ ನಾಲ್ಕು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಉಮ್ಮ ಓದಿನುಮ್ಮನ ಮನೆಗೆ ಹೋಗುವುದನ್ನೇ ನಿಲ್ಲಿಸಿದರು. ಬಿ.ಎಡ್. ಅರ್ಜಿಗೆ ಸಹಿ ಬೇಕಾದಾಗ ಬಾಪ ಮಾತಿಲ್ಲದೆ ಕೈಚಾಚಿ ಪೆನ್ನು ತೆಗೆದುಕೊಂಡರು. ಮೂರು ವರ್ಷದ ಮೇಲೆ ನಾನು ಒಪ್ಪಿದ ಸಂಬಂಧ ಬಂದಾಗ ನಿಕಾಹಿನ ದಿನ ಬಾಗಿಲಲ್ಲಿ ನಿಂತು ಒಂದು ಸಲವಲ್ಲ, ಮೂರು ಸಲ ಕೇಳಿದರು. ಮೂರನೇ ಸಲ "ಉಂಟು ಮಾರಾಯ್ರೆ, ಉಂಟು!" ಎಂದೆ. ಇಡೀ ಕೋಣೆ ನಕ್ಕಿತು. ಮೂಲೆಯಲ್ಲಿದ್ದ ಓದಿನುಮ್ಮ ಮಾತ್ರ ನಗಲಿಲ್ಲ, ಶಾಲಿನ ತುದಿಯಿಂದ ಕಣ್ಣು ಒತ್ತಿಕೊಂಡರು.

ನನಗೆ ಸುಖ ಸಿಕ್ಕಿತು ಎಂದು ಇಲ್ಲಿಗೆ ಮುಗಿಸಬಹುದು. ಆದರೆ ಅಕ್ಕ? ಓದಿನುಮ್ಮನ ಗಂಡ ಅವಳಿಗೆ ಹೊಲಿಗೆ ಕಲಿಸಿದರು. ಈಗ ಬಿ.ಸಿ. ರೋಡಿನಲ್ಲಿ ಅವಳದ್ದೇ ನಾಲ್ಕು ಮೆಷಿನಿನ ಅಂಗಡಿ ಉಂಟು. ಅಳತೆ ಕೇಳುವಷ್ಟು ಮಾತು, ನಗುವಷ್ಟು ನಗು, ಎರಡೂ ಹಿಂದಿರುಗಿವೆ. ಆದರೂ ನನ್ನ ಒಂದು "ಬೇಡ" ಹುಟ್ಟಬೇಕಾದರೆ ಅಕ್ಕನ ನಾಲ್ಕು ವರ್ಷ ಹೋಗಬೇಕಾಯಿತಲ್ಲ ಎಂದು ನಾನು ನೆನೆಯದ ದಿನ ಇಲ್ಲ. ಸ್ಟಾಫ್ ರೂಮಿನಲ್ಲಿ ಸಂಸ್ಕೃತದ ಮೇಷ್ಟ್ರು "ಮೌನಂ ಸಮ್ಮತಿ ಲಕ್ಷಣಂ" ಎಂದು ತಮಾಷೆ ಮಾಡಿದರೆ ಎಲ್ಲರೂ ನಗುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಲರ ಮನೆಯಲ್ಲೂ ಒಂದೇ ಗಾದೆ, ಭಾಷೆ ಮಾತ್ರ ಬೇರೆ.

ಹೋದ ವರ್ಷ ಓದಿನುಮ್ಮ ತೀರಿಹೋದರು. ಮಧ್ಯಾಹ್ನದ ಲುಹರ್ ನಮಾಜಿಗೆ ಕೂತವರು ಹಾಗೇ ಒರಗಿದರಂತೆ. ನಾನು ಹೋಗುವಷ್ಟರಲ್ಲಿ ಮಯ್ಯಿತ್ ತೊಳೆದು ಬಿಳಿ ಬಟ್ಟೆ ಹೊದಿಸಿ ಆಗಿತ್ತು. ಕೈ ನೋಡಲು ಸಿಗಲಿಲ್ಲ. ತೊಳೆದ ಹೆಂಗಸರು, ಎಷ್ಟು ತಿಕ್ಕಿದರೂ ಉಗುರಿನ ಬಣ್ಣ ಹೋಗಲಿಲ್ಲ ಎಂದರು.

ಎಲ್ಲ ಮುಗಿದು ಜನ ಚದುರಿದ ಮೇಲೆ ಅವರ ಗಂಡ ನನ್ನನ್ನು ಕರೆದು ಜಗಲಿಯಲ್ಲಿ ಕೂರಿಸಿದರು. ಅವತ್ತು ಬಾಯಲ್ಲಿ ಗುಂಡುಸೂಜಿ ಇರಲಿಲ್ಲ.

"ನಿನಗೊಂದು ವಿಷಯ ಹೇಳ್ಬೇಕು ಮಗಳೇ. ನಿನ್ನ ಆ ಸಂಬಂಧ ತಪ್ಪಿದ ವಾರ ನಮಾಜಿಗೆ ಹೋದಾಗ ನಿನ್ನ ಬಾಪ ಪಳ್ಳಿಯಲ್ಲಿ ಸಿಕ್ಕಿ, ಇವಳ ಜ್ವರದ ಕಥೆ ಹೇಳಿದರು. ನನಗೆ ಗೊತ್ತೇ ಇರ್ಲಿಲ್ಲ. ಮೂವತ್ತು ವರ್ಷ ಅವಳ ಕೈಯ ಅನ್ನ ತಿಂದಿದ್ದೇನೆ, ನನಗೆ ಗೊತ್ತಿರ್ಲಿಲ್ಲ! ಸೀದಾ ಮನೆಗೆ ಬಂದೆ. ಅವಳು ಬೀಡಿ ಕಟ್ತಾ ಇದ್ದಳು. ಎದುರು ಕೂತು ಕೇಳಿದೆ, ನನ್ನ ಜೊತೆ ನಿನಗೆ ಸಮ್ಮತ ಉಂಟಾ ಅಂತ."

"ಏನು ಹೇಳಿದರು?"

"ಯೋಚಿಸಿ ಹೇಳ್ತೇನೆ ಅಂದಳು. ಮೂರು ದಿನ ಬೇಕು ಅಂದಳು." ಮುದುಕರು ಅಂಗೈಯಲ್ಲಿ ಮುಖ ಒರೆಸಿಕೊಂಡರು. "ಆ ಮೂರು ದಿನ ನನಗೆ ಊಟ ಸೇರ್ಲಿಲ್ಲ. ಒಂದು ಕುಪ್ಪಾಯಕ್ಕೆ ಎರಡೂ ಎಡದ ತೋಳು ಹೊಲಿದೆ. ಬೇಡ ಅಂದ್ರೆ? ಅವಳು ಅನ್ನುವವಳೇ! ಮೂರನೇ ದಿನ ಅಸರ್ ಆದ ಮೇಲೆ ಕೈ ತೊಳೆದು ಬಂದು ನನ್ನ ಎದುರು ನಿಂತಳು. ಸಮ್ಮತ ಉಂಟು ಅಂತ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಅವತ್ತು ನನಗೆ ಮದುವೆ ಆದದ್ದು ಮಗಳೇ. ಅದಕ್ಕೆ ಮೊದಲಿನದ್ದು ಲೆಕ್ಕ ಇಲ್ಲ."

ನೆರಿಯದ ಹುಡುಗಿಯ ಫೋನು ಈಗಲೂ ಸ್ವಿಚ್ ಆಫ್. ಅವಳದ್ದು ನಾಚಿಕೆಯೋ ಹೆದರಿಕೆಯೋ ನನಗೆ ಗೊತ್ತಿಲ್ಲ. ಓದಿ ಹೇಳುವಷ್ಟು ನಾನೂ ಕಲಿತವಳಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬೆಳ್ತಂಗಡಿಗೆ ಹೋಗಿ ಅಲ್ಲಿಂದ ನೆರಿಯಕ್ಕೆ ಹೋಗುತ್ತೇನೆ. ಅವಳ ಬಾಪ ಬೈದರೆ ಬೈಯಲಿ. ಹೆಡ್‌ಮಾಸ್ಟರರಿಗೆ ಮೂರು ದಿನದ ರಜೆ ಬರೆದುಕೊಟ್ಟಿದ್ದೇನೆ. ಹುಡುಗಿಗೆ ಅಷ್ಟು ಬೇಕಾಗಬಹುದು.